ಮಳೆಗಾಲದಲ್ಲಿ ಬಾಗಿಲ ಮುಂದೆ ಬರೀ ಕೆಸರು: ಮ್ಯಾಟ್ ಸಾಕಾ, ನೀರು ಬೇಕಾ?

ಹೊರಮಾವು ಮನೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊರಮಾವು ಕಡೆ 30×40 ಸೈಟಿನಲ್ಲಿ ಕಟ್ಟಿದ ಮನೆ. ನಾವು ಕೆಳಗಡೆ ಇದ್ದೇವೆ, ಮೇಲೆ ಬಾಡಿಗೆಯವರು. ಬೇಸಿಗೆಯಲ್ಲಿ ಪೈಪ್ ಹಾಕಲು ರಸ್ತೆ ಅಗೆದರು. ಪೈಪ್ ಹಾಕಿ ಮಣ್ಣು ಮುಚ್ಚಿ ಹೋದರು, ಟಾರು ಇನ್ನೂ ಬಂದಿಲ್ಲ. ಈಗ ಮಳೆ ಹಿಡಿದುಕೊಂಡಿದೆ. ಗೇಟಿನ ಹೊರಗೆ ಕಾಲಿಟ್ಟರೆ ಪಾದ ಮುಳುಗುವಷ್ಟು ಕೆಂಪು ಕೆಸರು.

ಗೇಟಿನಿಂದ ಬಾಗಿಲಿಗೆ ಸುಮಾರು ಹನ್ನೆರಡು ಅಡಿ, ಆಮೇಲೆ ಗ್ರಾನೈಟ್ ಮೆಟ್ಟಿಲು. ಒಳಗೆ ಹಾಲ್‌ನಲ್ಲಿ ಕೆನೆ ಬಣ್ಣದ ಟೈಲ್ಸ್. ಈ ಬಣ್ಣ ಆರಿಸಿದ್ದು ನಮ್ಮ ಯಜಮಾನರು, ಅದು ಬೇರೆ ಜಗಳ! ಬಾಗಿಲಲ್ಲಿ "ಸುಸ್ವಾಗತ" ಅಂತ ಬರೆದ ನಾರಿನ ಮ್ಯಾಟ್ ಇದೆ. ಸಂಜೆ ಹೊತ್ತಿಗೆ ಅಕ್ಷರ ಕಾಣುವುದಿಲ್ಲ. ಮ್ಯಾಟ್ ತುಳಿದರೆ ಕಾಲು ಇನ್ನಷ್ಟು ಕೊಳೆಯಾಗುತ್ತದೆ.

ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮಂಡಿನೋವಿರುವ ಅತ್ತೆ, ದಿನಾ ಬರುವ ಡೆಲಿವರಿ ಹುಡುಗರು. ಯಾವ ಮ್ಯಾಟ್ ತರಲಿ? ಒಂದಾ, ಎರಡಾ? ಎಲ್ಲಿ ಹಾಕಲಿ? ಹೊರಗೇ ಕಾಲು ತೊಳೆದು ಬರುವ ಹಾಗೆ ಮಾಡಿದರೆ ಹೇಗೆ? "ರಸ್ತೆ ಸರಿ ಮಾಡಿಸಿ" ಅಂತ ಮಾತ್ರ ಹೇಳಬೇಡಿ. ದೂರು ಕೊಟ್ಟಾಗಿದೆ, ನಂಬರ್ ಕೂಡ ಬಂದಿದೆ.

ಬೇಗೂರು ಬೈಕರ್

ನಂಬರ್ ಬಂದರೆ ಅರ್ಧ ಕೆಲಸ ಆದ ಹಾಗೆ ಬಿಡಿ ಮೇಡಂ. ಉಳಿದರ್ಧ ಮುಂದಿನ ಬೇಸಿಗೆಗೆ. 😄

2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಲ್ಲಿ ನಮ್ಮ ಪಕ್ಕದ್ದೂ ಒಂದು. ಈ ಕೆಸರು ನಮಗೆ ಹೊಸದೇನಲ್ಲ. ಈ ಥ್ರೆಡ್ ಫಾಲೋ ಮಾಡುತ್ತೇನೆ.

ಸೈಟ್ ಇಂಜಿನಿಯರ್

ಮೇಡಂ, ಮ್ಯಾಟಿನ ವಿಷಯ ಆಮೇಲೆ. ನಿಮಗೆ ಹನ್ನೆರಡು ಅಡಿ ಜಾಗ ಇದೆ. ಅದೇ ನಿಮ್ಮ ಆಸ್ತಿ. ಬಾಗಿಲ ಹತ್ತಿರ ಬಂದ ಮೇಲೆ ಕೆಸರು ತಡೆಯಲು ಹೋದರೆ ಯಾವ ಮ್ಯಾಟೂ ನಿಲ್ಲುವುದಿಲ್ಲ. ದಪ್ಪ ಕೆಸರು ಗೇಟಿನ ಹತ್ತಿರವೇ ಬಿದ್ದುಹೋಗಬೇಕು. ಮೆಟ್ಟಿಲ ಬುಡಕ್ಕೆ ಬರುವಾಗ ಅಟ್ಟೆಯ ಸಂದಿನಲ್ಲಿರುವ ಮಣ್ಣು ಮಾತ್ರ ಉಳಿದಿರಬೇಕು. ಹೊಸ್ತಿಲಲ್ಲಿ ಬರೀ ತೇವ.

ನಾವು ಸೈಟ್ ಆಫೀಸಿನ ಮುಂದೆ ಏನು ಮಾಡುತ್ತೇವೆ ಅಂದರೆ, ಓಡಾಡುವ ದಾರಿಗೆ ಜಲ್ಲಿ ಹಾಕುತ್ತೇವೆ. ಕೆಳಗೆ 40 ಎಂಎಂ, ಮೇಲೆ 20 ಎಂಎಂ. ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಶೂ ಅಟ್ಟೆಯ ಮಣ್ಣು ತಾನಾಗಿ ಬಿಡುತ್ತದೆ. ಮಳೆ ನೀರು ಕಲ್ಲಿನ ಮಧ್ಯೆ ಇಳಿದುಹೋಗುತ್ತದೆ. ಜಲ್ಲಿಪುಡಿ ಹಾಕಿಸಬೇಡಿ. ಸಮವಾಗಿ ಚಂದ ಕಾಣುತ್ತದೆ ಅಂತ ಹಾಕಿಸುತ್ತಾರೆ. ಒಂದು ಜೋರು ಮಳೆಗೆ ಅದೇ ಬೂದು ಕೆಸರಾಗುತ್ತದೆ. ಇನ್ನೊಂದು ವಿಷಯ, ಬರೀ ಮಣ್ಣಿನ ಮೇಲೆ ಜಲ್ಲಿ ಸುರಿದರೆ ಅದು ಕೆಸರಿನೊಳಗೆ ಕೂತುಬಿಡುತ್ತದೆ. ಮಣ್ಣು ಮತ್ತು ಜಲ್ಲಿಯ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ಅದು ನೀರು ಬಿಡುತ್ತದೆ, ಮಣ್ಣು ಬಿಡುವುದಿಲ್ಲ.

ಇದೆಲ್ಲ ಗೇಟಿನ ಒಳಗೆ ಮಾತ್ರ. ರಸ್ತೆಗೆ ಸುರಿದರೆ ಮಳೆಗೆ ಉರುಳಿ ಚರಂಡಿ ಕಟ್ಟಿಕೊಳ್ಳುತ್ತದೆ, ಆಮೇಲೆ ಆ ನೀರು ನಿಮ್ಮ ಮನೆಗೇ ಬರುತ್ತದೆ. ಸ್ಕೂಟರ್ ಒಳಗೆ ತರುವವರಾದರೆ ಚಕ್ರ ಹೋಗುವ ಜಾಗಕ್ಕೆ ಚಪ್ಪಡಿ ಕಲ್ಲು ಹಾಕಿಸಿ. ಬಿಡಿ ಜಲ್ಲಿಯ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ.

ಮೆಟ್ಟಿಲ ಬುಡಕ್ಕೆ ತೂತು ತೂತಿನ ದಪ್ಪ ರಬ್ಬರ್ ಮ್ಯಾಟ್. ಮಣ್ಣು ತೂತಿನಲ್ಲಿ ಕೆಳಗೆ ಬೀಳುತ್ತದೆ, ಮೇಲ್ಭಾಗ ಚೊಕ್ಕ ಇರುತ್ತದೆ. ವಾರಕ್ಕೊಮ್ಮೆ ಎತ್ತಿ ಕೆಳಗಿನ ಮಣ್ಣು ತೆಗೆಯಬೇಕು. ತೆಗೆಯದಿದ್ದರೆ ತೂತು ತುಂಬಿ ಸಾದಾ ಮ್ಯಾಟ್ ಆಗಿಬಿಡುತ್ತದೆ. ಹೊಸ್ತಿಲ ಒಳಗೆ ಹತ್ತಿಯದ್ದು ಅಥವಾ ಮೈಕ್ರೋಫೈಬರ್, ತೇವ ಹೀರಲು.

ತಿಪಟೂರು ಕಡೆಯವ

ಸೈಟ್ ಇಂಜಿನಿಯರ್ ಸರ್ ನಾರಿನ ಮ್ಯಾಟಿನ ಹೆಸರನ್ನೇ ಎತ್ತಲಿಲ್ಲ. ನಮ್ಮ ತಿಪಟೂರು, ಅರಸೀಕೆರೆ ಕಡೆಯವರಿಗೆ ಇದು ಸ್ವಲ್ಪ ಚುಚ್ಚುತ್ತದೆ. 🙂

ಮೇಡಂ, ನಿಮ್ಮ "ಸುಸ್ವಾಗತ" ಮ್ಯಾಟನ್ನು ಒಂದು ಸಲ ತಿರುಗಿಸಿ ನೋಡಿ. ರಬ್ಬರ್ ಹಾಳೆಯ ಮೇಲೆ ನಾರಿನ ಚೂರು ಅಂಟಿಸಿ, ಮೇಲೆ ಬಣ್ಣ ಹೊಡೆದಿದ್ದರೆ ಅದು ನೋಟಕ್ಕೆ ಮಾತ್ರ. ಕೂದಲು ಗಿಡ್ಡ, ಕೆರೆಯುವ ಶಕ್ತಿ ಇಲ್ಲ. ಕೈಯಲ್ಲಿ ಮುಟ್ಟಿದರೆ ಬ್ರಷ್ ಹಾಗೆ ಗಡುಸಾಗಿ ಚುಚ್ಚಬೇಕು. ದಪ್ಪ ಒಂದು ಇಂಚಿಗೆ ಹತ್ತಿರ ಇರಬೇಕು. ಅಂಥದ್ದನ್ನು ಬ್ರಷ್ ಮ್ಯಾಟ್ ಅನ್ನುತ್ತಾರೆ. ಬೆರಳಲ್ಲಿ ಉಜ್ಜಿದಾಗ ನಾರು ಉದುರಿದರೆ ಬೇಡ.

ನಾರಿನ ಮ್ಯಾಟ್ ಒಣ ಮಣ್ಣಿಗೆ ರಾಜ, ಹಸಿ ಕೆಸರಿಗೆ ಅಲ್ಲ. ಆ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಅದನ್ನು ಎರಚಲು ಬೀಳದ ಜಾಗದಲ್ಲಿ ಹಾಕಬೇಕು. ಸಾಧ್ಯವಾದರೆ ಎರಡು ಇಟ್ಟುಕೊಂಡು, ಒಂದು ಬಾಗಿಲಲ್ಲಿ ಇರುವಾಗ ಇನ್ನೊಂದನ್ನು ಕಾಂಪೌಂಡ್ ಗೋಡೆ ಮೇಲೆ ಒಣಗಿಸಬೇಕು. ಕೊಳೆಯಾಗಿದೆ ಅಂತ ಬಕೆಟ್‌ನಲ್ಲಿ ನೆನೆಸಬೇಡಿ. ದಪ್ಪ ಮ್ಯಾಟ್ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಬೂಷ್ಟು ವಾಸನೆ ಹಿಡಿಯುತ್ತದೆ. ಮಣ್ಣು ಒಣಗಲಿ. ಆಮೇಲೆ ಮಗುಚಿ ಗೋಡೆಗೆ ನಾಲ್ಕು ಬಡಿತ ಬಡಿಯಿರಿ, ಸಾಕು.

ಗಿರಿನಗರ ಅಜ್ಜಿ

ಮ್ಯಾಟು, ಜಲ್ಲಿ, ಅದೇನೋ ಟೆಕ್ಸ್‌ಟೈಲು! ಕಾಲು ತೊಳೆದುಕೊಂಡು ಒಳಗೆ ಬರುವುದು ಯಾಕಮ್ಮ ಯಾರಿಗೂ ನೆನಪಿಗೆ ಬರುವುದಿಲ್ಲ?

ನಮ್ಮ ಹಳೇ ಮನೆಯಲ್ಲಿ ಬಾಗಿಲ ಪಕ್ಕ ಒಂದು ಒರಟು ಚಪ್ಪಡಿ, ಒಂದು ನೀರಿನ ತೊಟ್ಟಿ, ಒಂದು ಚೊಂಬು. ಹೊರಗಿನಿಂದ ಯಾರೇ ಬಂದರೂ ಕಾಲು ತೊಳೆದೇ ಜಗಲಿ ಹತ್ತುತ್ತಿದ್ದರು. ನೀರು ಹರಿದು ಬಾಳೆ ಬುಡಕ್ಕೆ ಹೋಗುತ್ತಿತ್ತು. ಒಳಗೆ ರೆಡ್ ಆಕ್ಸೈಡ್ ನೆಲ, ಕೆಂಪು ಮಣ್ಣು ಬಿದ್ದರೂ ಕಾಣುತ್ತಿರಲಿಲ್ಲ ಅನ್ನಿ. ಈಗ ಕನ್ನಡಿಯಂಥ ಟೈಲ್ಸ್ ಹಾಕಿಸಿಕೊಂಡು ದಿನವಿಡೀ ಅದರ ಸೇವೆ.

ಗೇಟ್ ಪಕ್ಕ ಒಂದು ನಲ್ಲಿ ಹಾಕಿಸಮ್ಮ. ಮಕ್ಕಳಿಗೆ ಅಭ್ಯಾಸ ಮಾಡಿಸು.

ಹೊರಮಾವು ಮನೆಯವಳು

ಅಜ್ಜಿ, ನನಗೂ ಅದೇ ಇಷ್ಟ. ಆದರೆ ಕಾಲು ತೊಳೆದು ಒದ್ದೆ ಕಾಲಲ್ಲಿ ಗ್ರಾನೈಟ್ ಮೆಟ್ಟಿಲು ಹತ್ತಬೇಕಲ್ಲ, ಅತ್ತೆಯನ್ನು ನೆನೆದರೆ ಭಯ. ಶೂ ಹಾಕುವ ಮಕ್ಕಳು ಕಾಲು ತೊಳೆಯುವುದು ಎಲ್ಲಿ, ಶೂ ಬಿಚ್ಚುವುದು ಎಲ್ಲಿ? ನೀರಿನ ಖರ್ಚು ಬೇರೆ. ನಮಗೆ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್.

ಸೈಟ್ ಇಂಜಿನಿಯರ್ ಸರ್, ಜಲ್ಲಿ ವಿಚಾರ ಯಜಮಾನರಿಗೆ ಓದಿ ಹೇಳಿದೆ. "ಕಾರು ತೊಳೆಯುವ ಜಾಗಕ್ಕೆ ಜಲ್ಲಿನಾ" ಅಂತ ಮುಖ ಸಿಂಡರಿಸಿದರು. ಒಪ್ಪಿಸುತ್ತೇನೆ.

ವಿಜಯನಗರ ಟೆರೇಸ್

ನೀರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. 2024ರ ಬೇಸಿಗೆ ಯಾರಿಗೂ ಮರೆತಿರಲಾರದು. ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದ ವರ್ಷ ಅದು. ನಲ್ಲಿ ಬಿಟ್ಟುಕೊಂಡು ಮೆಟ್ಟಿಲು ತೊಳೆಯುವುದನ್ನು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಮಳೆಗಾಲದಲ್ಲಿ ಕಾಲು ತೊಳೆಯಲು ಮಳೆ ನೀರೇ ಇದೆ, ಅಲ್ವಾ? ಚಾವಣಿಯಿಂದ ಇಳಿಯುವ ಪೈಪಿಗೆ ಒಂದು ಕವಲು ಹಾಕಿಸಿ 200 ಲೀಟರ್ ಡ್ರಮ್ ಇಟ್ಟು, ಬುಡದಲ್ಲಿ ನಲ್ಲಿ ಕೂರಿಸಿ. 2009ರಿಂದ ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಹೊಸದಾಗಿ ಕಟ್ಟುವ ಮನೆಗೂ ಮಳೆ ನೀರು ಕೊಯ್ಲು ಕಡ್ಡಾಯ. ಹಾಗಾಗಿ ಪೈಪ್ ವ್ಯವಸ್ಥೆ ನಿಮ್ಮಲ್ಲಿ ಇದ್ದೇ ಇರಬಹುದು, ನೋಡಿ. ಮೊದಲ ಮಳೆಯ ನೀರಲ್ಲಿ ಧೂಳು, ಎಲೆ ಇರುತ್ತದೆ. ಕುಡಿಯಲು ಅಲ್ಲವಲ್ಲ, ಕೆಸರು ಕಾಲಿಗೆ ನಡೆಯುತ್ತದೆ.

ಆರ್‌ಒ ಮಷೀನ್ ಹೊರಗೆ ಬಿಡುವ ನೀರನ್ನೂ ಬಳಸಬಹುದು. ಅದರಲ್ಲಿ ಲವಣ ಜಾಸ್ತಿ, ಪಾಲಿಶ್ ಗ್ರಾನೈಟ್ ಮೇಲೆ ಒಣಗಿದರೆ ಬಿಳಿ ಗುರುತು ಉಳಿಯುತ್ತದೆ. ಚಪ್ಪಲಿ, ರಬ್ಬರ್ ಮ್ಯಾಟ್ ತೊಳೆಯಲು ಇಟ್ಟುಕೊಳ್ಳಿ.

ಆಶಾ ಅಕ್ಕನ ಗೆಳತಿ

ಡ್ರಮ್ ಇಡಿ, ಆದರೆ ಮುಚ್ಚಳ ಭದ್ರ ಇರಲಿ. ಪೈಪ್ ಒಳಬರುವ ತೂತಿಗೆ ಸಣ್ಣ ಜಾಲರಿ ಕಟ್ಟಿ. ಕಾಲು ತೊಳೆಯುವ ಟಬ್, ಶೂ ಇಡುವ ಪ್ಲಾಸ್ಟಿಕ್ ಟ್ರೇ, ಛತ್ರಿ ಬಕೆಟ್, ಇವೆಲ್ಲದರ ತಳದಲ್ಲಿ ಒಂದಿಂಚು ನೀರು ನಿಂತರೂ ಡೆಂಗಿ ಸೊಳ್ಳೆಗೆ ಸಾಕು. ಅದು ಮೊಟ್ಟೆ ಇಡುವುದು ಚರಂಡಿ ನೀರಲ್ಲಿ ಅಲ್ಲ, ಮನೆ ಸುತ್ತ ನಿಂತ ತಿಳಿ ನೀರಲ್ಲಿ. ಮೊಟ್ಟೆ ಸೊಳ್ಳೆ ಆಗಲು ಸುಮಾರು 7ರಿಂದ 10 ದಿನ. ವಾರಕ್ಕೊಮ್ಮೆ ಎಲ್ಲ ಮಗುಚಿ, ಉಜ್ಜಿ, ಒಣಗಿಸಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ ಮೇಲೆ ಸೊಳ್ಳೆ ಬೆಳೆಯಲು ಬಿಡುವ ಮನೆಯವರಿಗೆ ದಂಡವೂ ಇದೆ.

ಲಗ್ಗೆರೆ ಹುಡುಗಿ

ನಮ್ಮಮ್ಮ ಮನೆಗೆಲಸಕ್ಕೆ ಹೋಗುತ್ತಾರೆ. ರಾತ್ರಿ ಈ ಥ್ರೆಡ್ ಓದಿ ಹೇಳಿದೆ. ತುಂಬಾ ನಕ್ಕರು. ಆಮೇಲೆ "ಬರಿ, ನಾನು ಹೇಳುತ್ತೇನೆ" ಅಂದರು. ಅವರು ಹೇಳಿದ್ದು ಇದು.

ಹಸಿ ಕೆಸರಿನ ಮೇಲೆ ಮಾಪ್ ಹಾಕಬೇಡಿ. ಅದು ಗೋಡೆಗೆ ಸುಣ್ಣ ಬಳಿದ ಹಾಗೆ ನೆಲಕ್ಕೆ ಮಣ್ಣು ಬಳಿಯುವುದು. ಮನೆಯವರು ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ನಾಲ್ಕು ಎಳೆತ ಎಳೆದು "ನಾನೇ ಒರೆಸಿದ್ದೇನೆ, ನೀನು ಸುಮ್ನೆ ಒಂದು ಕೈ ನೋಡು" ಅನ್ನುತ್ತಾರೆ. ಆಗ ಕೆಲಸ ಎರಡರಷ್ಟು. ಟೈಲ್ಸ್ ಸಂದಿಗೆಲ್ಲ ಮಣ್ಣು ಕೂತಿರುತ್ತದೆ. ಆ ಸಂದಿಯ ಬಿಳಿ ಸಿಮೆಂಟು ಒಂದು ಸಲ ಕೆಂಪಾದರೆ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕು.

ಹೆಜ್ಜೆ ಗುರುತು ಇದ್ದರೆ ಹಾಗೇ ಬಿಡಿ. ಫ್ಯಾನ್ ಹಾಕಿ. ಒಣಗಿದ ಮೇಲೆ ತೆಂಗಿನಕಡ್ಡಿ ಪೊರಕೆಯಲ್ಲಿ ಕೆದಕಿ, ಹುಲ್ಲು ಪೊರಕೆಯಲ್ಲಿ ಗುಡಿಸಿದರೆ ಮುಕ್ಕಾಲು ಪಾಲು ಮೊರಕ್ಕೆ ಬರುತ್ತದೆ. ಉಳಿದಿದ್ದಕ್ಕೆ ಮಾತ್ರ ನೀರು. ಮೊದಲು ಬರೀ ನೀರಲ್ಲಿ ಒಂದು ಸಲ, ಆಮೇಲೆ ಫಿನಾಯಿಲ್ ನೀರಲ್ಲಿ. ಮಣ್ಣು ಇರುವಾಗಲೇ ಫಿನಾಯಿಲ್ ಹಾಕಿದರೆ ವಾಸನೆ ಬರುತ್ತದೆ, ಮಣ್ಣು ಹೋಗುವುದಿಲ್ಲ. ಬಕೆಟ್ ಎರಡು ಇರಲಿ. ಒಂದರಲ್ಲಿ ಬಟ್ಟೆ ಜಾಲಿಸುವುದು, ಇನ್ನೊಂದರಲ್ಲಿ ಅದ್ದುವುದು. ಒಂದೇ ಬಕೆಟ್ ಕೊಟ್ಟು "ನೀರು ಬದಲಾಯಿಸು" ಅನ್ನುವ ಮನೆಗಳಲ್ಲಿ ಬಾತ್‌ರೂಮಿಗೆ ಓಡಾಡಿಯೇ ಸೊಂಟ ಹೋಗುತ್ತದೆ.

ಇನ್ನೊಂದು. ದಪ್ಪ ಹತ್ತಿ ಮ್ಯಾಟ್ ತರಬೇಡಿ. ಒಣಗಿದ್ದಾಗ ಹಗುರ, ನೆಂದರೆ ಎತ್ತಲು ಆಗುವುದಿಲ್ಲ. ಕೆಸರು ಇದೆ ಅಂತ ವಾಷಿಂಗ್ ಮಷೀನಿಗೆ ಹಾಕುವುದಿಲ್ಲ, ಕೈಯಲ್ಲಿ ಹಿಂಡಬೇಕು. ಮಣಿಕಟ್ಟು ನೋಡಿಕೊಳ್ಳುವುದು ಯಾರು? ತೆಳ್ಳಗಿನದು ನಾಲ್ಕು ಇಟ್ಟುಕೊಂಡು ದಿನಾ ಬದಲಾಯಿಸಿ. ಹಳೇ ಟವೆಲ್ ಮಡಚಿ ಹೊಲಿದರೂ ಆಯಿತು.

ಮೆಟ್ಟಿಲ ಮೇಲಿನ ಗಟ್ಟಿ ಕೆಸರಿಗೆ ಒಂದು ಹಳೇ ಕರಣೆ ಕೊಡಿ. ಗಾರೆ ಕೆಲಸದವರದು. ಕರಣೆಯಲ್ಲಿ ಕೆರೆದು ಮಣ್ಣನ್ನು ಗಿಡದ ಬುಡಕ್ಕೆ ಹಾಕಿದರೆ ಚರಂಡಿಯೂ ಕಟ್ಟುವುದಿಲ್ಲ, ನೀರೂ ಉಳಿಯುತ್ತದೆ. ಅಮ್ಮ ಹೋಗುವ ಒಂದು ಮನೆಯಲ್ಲಿ ಕರಣೆ ಇದೆ, ಆ ಮನೆಯ ಮೆಟ್ಟಿಲು ಬೇಗ ಮುಗಿಯುತ್ತದಂತೆ.

ಕೊನೆಗೆ ಅಮ್ಮ ಕೇಳಿದ್ದು: "ಆ ಮನೆಯಲ್ಲಿ ಕೆಲಸಕ್ಕೆ ಬರುವವಳು ಯಾವ ದಾರಿಯಲ್ಲಿ ಬರುತ್ತಾಳೆ? ಅವಳಿಗೂ ಕಾಲು ತೊಳೆಯಲು ಜಾಗ ಇದೆಯಾ?"

ಹೊರಮಾವು ಮನೆಯವಳು

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಹಿಂದಿನ ಬಾಗಿಲಲ್ಲಿ ನಲ್ಲಿ ಇದೆ, ಅವರು ಅಲ್ಲೇ ತೊಳೆದು ಬರುತ್ತಾರೆ. ಅಲ್ಲಿ ಮ್ಯಾಟ್ ಇಲ್ಲ. ನಾಳೆಯೇ ಹಾಕುತ್ತೇನೆ. ಕರಣೆ ನಮ್ಮ ಶೆಡ್‌ನಲ್ಲೇ ಬಿದ್ದಿದೆ, ಮನೆ ಕಟ್ಟಿಸಿದಾಗಿನದು.

ಸೈಟ್ ಇಂಜಿನಿಯರ್

ಅಮ್ಮ ಹೇಳಿದ ಕರಣೆ ಮಾತಿಗೆ ಸೇರಿಸುತ್ತೇನೆ. ವೆಲ್ಡಿಂಗ್ ಶಾಪಿನಲ್ಲಿ ಅರ್ಧ ಅಡಿ ಉದ್ದದ ಎಲ್ ಆ್ಯಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಕತ್ತರಿಸಿ, ಎರಡು ಕಾಲು ಬೆಸುಗೆ ಹಾಕಿಸಿ, ಗೇಟಿನ ಪಕ್ಕ ನೆಲದಲ್ಲಿ ಕಾಂಕ್ರೀಟ್ ಮಾಡಿಸಿದರೆ ಶೂ ಅಟ್ಟೆ ಕೆರೆಯಲು ಬಹಳ ಅನುಕೂಲ. ಅಂಚನ್ನು ಗ್ರೈಂಡ್ ಮಾಡಿ ಮೊಂಡು ಮಾಡಿಸಿ. ನಡೆಯುವ ದಾರಿಯಲ್ಲಿ ಬೇಡ, ಬದಿಗೆ. ಕತ್ತಲಲ್ಲಿ ಎಡವುತ್ತಾರೆ.

ಮೂರನೇ ಮಹಡಿ

ಸ್ವಂತ ಮನೆಯವರದು ಒಂದು ಕಷ್ಟ, ಅಪಾರ್ಟ್‌ಮೆಂಟಿನವರದು ಇನ್ನೊಂದು. ನಮ್ಮಲ್ಲಿ ಜಲ್ಲಿ ಇಲ್ಲ, ನಲ್ಲಿ ಇಲ್ಲ, ಇರುವುದು ಕಾರಿಡಾರ್. ಅಲ್ಲಿ ಶೂ ರ್‍ಯಾಕ್ ಇಟ್ಟಿದ್ದೆವು. ಅಸೋಸಿಯೇಷನ್‌ನವರು ನೋಟಿಸ್ ಕೊಟ್ಟು ತೆಗೆಸಿದರು. ಈಗ ಎಲ್ಲರ ಒದ್ದೆ ಶೂ ಒಳಗೆ, ವಾಸನೆಯೂ ಒಳಗೆ. ಲಿಫ್ಟ್‌ನಲ್ಲಿ ಮಾತ್ರ ಎಲ್ಲರ ಕೆಸರು.

ಅಸೋಸಿಯೇಷನ್ ಖಜಾಂಚಿ (ನಿಮ್ಮದಲ್ಲ, ಬೇರೆಯದು)

ಬೈಯಬೇಡಿ ಸರ್. ಕಾರಿಡಾರ್ ಎಲ್ಲರ ಜಾಗ. ಬೆಂಕಿ ಬಿದ್ದರೆ ಹೊಗೆಯಲ್ಲಿ ತಡಕಾಡಿಕೊಂಡು ಓಡುವ ದಾರಿಯೂ ಅದೇ. ರ್‍ಯಾಕ್, ಸೈಕಲ್, ತುಳಸಿ ಕುಂಡ, ಒಂದಕ್ಕೆ ಬಿಟ್ಟರೆ ಎಲ್ಲಕ್ಕೂ ಬಿಡಬೇಕು.

ನಮ್ಮಲ್ಲಿ ಬೇಸ್‌ಮೆಂಟಿನಿಂದ ಲಿಫ್ಟ್‌ಗೆ ಹೋಗುವ ದಾರಿಯಲ್ಲೇ ಉದ್ದ ಪಿವಿಸಿ ಮ್ಯಾಟ್ ಹಾಸಿದ್ದೇವೆ, ಆ ನೂಡಲ್ಸ್ ಥರದ್ದು. ಎರಡೂ ಕಾಲು ಎರಡೆರಡು ಸಲ ತುಳಿಯುವಷ್ಟು ಉದ್ದ ಇದ್ದರೆ ಮಾತ್ರ ಪ್ರಯೋಜನ. ಚಿಕ್ಕ ಮ್ಯಾಟ್ ಇದ್ದರೆ ಜನ ದಾಟಿಕೊಂಡು ಹೋಗುತ್ತಾರೆ. ಸಂಜೆ ಮಳೆ ನಿಂತ ಮೇಲೆ ಒಂದು ಸಲ ಲಿಫ್ಟ್ ನೆಲ ಒರೆಸಿಸುತ್ತೇವೆ. ಬೆಂಗಳೂರು ಮಳೆ ಜಾಸ್ತಿ ಬರುವುದೇ ಸಂಜೆ. ಬೆಳಿಗ್ಗೆ ಒರೆಸಿ ಏನು ಬಂತು?

ಮೂರನೇ ಮಹಡಿ

ಉದ್ದದ ಮಾತು ಸರಿ. ತುಳಸಿ ಕುಂಡದ ಮಾತು ನಮ್ಮ ಮನೆಯಲ್ಲಿ ಹೇಳಲು ನನಗೆ ಧೈರ್ಯ ಇಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ಮಕ್ಕಳ ಶೂ ವಿಚಾರ ಯಾರೂ ಎತ್ತಲಿಲ್ಲ. ಬಿಳಿ ಕ್ಯಾನ್ವಾಸ್ ಶೂ ಹಾಕುವ ದಿನವೇ ಮಳೆ ಬರಬೇಕೆಂದು ನಿಯಮ ಇದ್ದ ಹಾಗಿದೆ.

ನಮ್ಮ ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡ್‌ನಿಂದ. ಅದಕ್ಕೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಬ್ಲೀಚ್ ಹಾಕಿದಷ್ಟೂ ಬಟ್ಟೆ ಸವೆಯುತ್ತದೆ, ಕೆಂಪು ಅಲ್ಲೇ ಇರುತ್ತದೆ. ಮಾಡಬೇಕಾದ್ದು ಹೀಗೆ. ಶೂ ಪೂರ್ತಿ ಒಣಗಲಿ. ಎರಡೂ ಅಟ್ಟೆ ಸೇರಿಸಿ ಬಡಿದು, ಒಣ ಬ್ರಷ್‌ನಲ್ಲಿ ಉಜ್ಜಿ. ಆಮೇಲೆ ತಣ್ಣೀರಿನಲ್ಲಿ ಡಿಟರ್ಜೆಂಟ್ ಕಲಸಿ ನೆನೆಸಿ ಉಜ್ಜಿ. ಇನ್ನೂ ಕಲೆ ಉಳಿದರೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ನಿಂಬೆಯ ಆಮ್ಲ ಕಬ್ಬಿಣವನ್ನು ಹಿಡಿದು ಬಿಡಿಸುತ್ತದೆ. ಒಣಗುವಾಗ ಒಳಗೆ ಹಳೇ ಪೇಪರ್ ತುರುಕಿ, ಹೊರಗೆ ಬಿಳಿ ಟಿಶ್ಯೂ ಸುತ್ತಿ. ಒಣಗುವಾಗ ಏಳುವ ಹಳದಿ ಕಲೆ ಟಿಶ್ಯೂಗೆ ಹತ್ತುತ್ತದೆ, ಶೂಗೆ ಅಲ್ಲ.

ಇದೇ ನಿಂಬೆಯನ್ನು ಮೆಟ್ಟಿಲಿಗೆ ಬಳಸುವ ಮೊದಲು ಕಲ್ಲು ಯಾವುದು ನೋಡಿ. ಗ್ರಾನೈಟ್ ಆದರೆ ತಡೆಯುತ್ತದೆ. ಮಾರ್ಬಲ್, ಕಡಪ ಕಲ್ಲು, ಶಹಾಬಾದ್ ಕಲ್ಲು, ಇವೆಲ್ಲ ಸುಣ್ಣದ ಜಾತಿ. ಆಮ್ಲ ಬಿದ್ದ ಕಡೆ ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತದೆ, ಅದು ಮತ್ತೆ ಬರುವುದಿಲ್ಲ. ಬಾತ್‌ರೂಮ್ ಆ್ಯಸಿಡ್ ಅಂತೂ ಟೈಲ್ಸ್ ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ಇನ್ನೂ ಮುಖ್ಯವಾದದ್ದು: ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಸುರಿಯಲೇಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೆ ಅಪಾಯ. "ಎರಡೂ ಹಾಕಿದರೆ ಇನ್ನೂ ಚೊಕ್ಕ" ಅಂದುಕೊಂಡು ಮಾಡುವವರು ಇದ್ದಾರೆ.

ಬೇಗೂರು ಬೈಕರ್

ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ಕೂತಿದ್ದರೆ ನಾನು ಕೆಮಿಸ್ಟ್ರಿಯಲ್ಲಿ ಪಾಸಾಗುತ್ತಿದ್ದೆ.

ರೇನ್‌ಕೋಟ್‌ಗೆ ಒಂದು ಉಪಾಯ. 20 ಲೀಟರ್ ಪೇಂಟ್ ಡಬ್ಬದ ತಳಕ್ಕೆ ತೂತು ಹೊಡೆದು ಗೇಟ್ ಹತ್ತಿರ ಇಟ್ಟಿದ್ದೇನೆ, ಅದರೊಳಗೆ ಛತ್ರಿ. ಮೇಲೆ ಗೋಡೆಗೆ ಒಂದು ಕೊಂಡಿ, ಅದಕ್ಕೆ ರೇನ್‌ಕೋಟ್. ಪ್ಯಾಂಟಿನ ಕೆಸರು ಹೊರಗೇ ತೊಟ್ಟಿಕ್ಕುತ್ತದೆ. ತೂತು ಇರುವುದರಿಂದ ಸೊಳ್ಳೆಗೂ ನೀರಿಲ್ಲ, ಆಶಾ ಅಕ್ಕನ ಗೆಳತಿ ಬೈಯುವ ಹಾಗಿಲ್ಲ.

ಫಿಸಿಯೋ

ಥ್ರೆಡ್ ಶುರು ಮಾಡಿದವರ ಅತ್ತೆಯ ಬಗ್ಗೆ ನನಗೆ ಚಿಂತೆ. ಪಾಲಿಶ್ ಗ್ರಾನೈಟ್, ಒದ್ದೆ ಕಾಲು, ಮಂಡಿನೋವು, ಮೂರೂ ಸೇರಿದರೆ ಒಳ್ಳೆಯದಲ್ಲ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಎದ್ದು ಓಡಾಡಲು ತಿಂಗಳುಗಟ್ಟಲೆ ಬೇಕು. ನೆಲ ಚೊಕ್ಕ ಇಡುವ ಭರದಲ್ಲಿ ಅವರನ್ನು ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಡೆಸಬೇಡಿ.

ಮೆಟ್ಟಿಲ ಅಂಚಿಗೆ ಆಂಟಿ-ಸ್ಕಿಡ್ ಟೇಪ್ ಅಂಟಿಸಿ. ಒರಟು ಮರಳು ಕಾಗದದ ಥರ ಇರುತ್ತದೆ. ಒಣಗಿದ ಕಲ್ಲಿಗೇ ಅಂಟಿಸಬೇಕು, ಮಳೆ ಬಿಡುವು ಕೊಟ್ಟ ದಿನ ನೋಡಿಕೊಳ್ಳಿ. ಗೋಡೆಗೆ ಹಿಡಿಕೆ ಹಾಕಿಸಿ. ಮೆಟ್ಟಿಲ ಬುಡದಲ್ಲಿ ಗಟ್ಟಿ ಸ್ಟೂಲ್ ಇಡಿ, ಪ್ಲಾಸ್ಟಿಕ್ಕಿನದಲ್ಲ. ಒಂದು ಕಾಲಲ್ಲಿ ನಿಂತು ಚಪ್ಪಲಿ ಬಿಚ್ಚುವಾಗಲೇ ಜನ ಬೀಳುವುದು. ಕೂತು ಬಿಚ್ಚಿ, ಕಾಲು ಒರೆಸಿ, ಒಳಗಿನ ಒಣ ಚಪ್ಪಲಿ ಹಾಕಿಕೊಂಡು ಹತ್ತಲಿ. ಮಕ್ಕಳ ಶೂ ಬಿಚ್ಚಲೂ ಅದೇ ಸ್ಟೂಲ್ ಆಗುತ್ತದೆ.

ಒಳಗಿನ ಮ್ಯಾಟಿನ ಅಡಿಗೆ ರಬ್ಬರ್ ಹಿಡಿತ ಇರಲೇಬೇಕು. ಟವೆಲ್ ಮಡಚಿ ಹಾಕುವುದು ಬೇಡ, ಅಥವಾ ಅಡಿಗೆ ಜಾರದ ಜಾಲರಿ ಹಾಸಿ ಹಾಕಿ.

ಗಿರಿನಗರ ಅಜ್ಜಿ

ಡಾಕ್ಟರಮ್ಮ ಹೇಳಿದ್ದು ಸರಿ. ನಮ್ಮ ಕಾಲದ ಚಪ್ಪಡಿ ಒರಟಾಗಿತ್ತು, ಜಾರುತ್ತಿರಲಿಲ್ಲ. ನಿನ್ನ ಗ್ರಾನೈಟಿಗೆ ಟೇಪ್ ಹಾಕಿಸಿಬಿಡು ಮಗಳೇ.

ಕನಕಪುರ ರಸ್ತೆ

ಶೂ ಹೊರಗೆ ಬಿಡುವವರು ಬೆಳಿಗ್ಗೆ ಹಾಕುವ ಮೊದಲು ಮಗುಚಿ ಕೊಡವಿ. ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಿದರೆ ಹಾವುಗಳು ಒಣ ಜಾಗ ಹುಡುಕಿಕೊಂಡು ಬರುತ್ತವೆ. ನಮ್ಮ ಕಡೆ ಕೇರೆಹಾವೂ ಇದೆ, ನಾಗರಹಾವೂ ಇದೆ. ಶೂ ರ್‍ಯಾಕ್ ನೆಲಕ್ಕೆ ತಾಗಿಕೊಂಡು ಇರದೆ ಒಂದಡಿ ಮೇಲಿದ್ದರೆ ಗುಡಿಸಲೂ ಸುಲಭ, ಕಣ್ಣಿಗೂ ಕಾಣುತ್ತದೆ.

ಬಸವನಹುಳು ಇನ್ನೊಂದು. ದೊಡ್ಡ ಆಫ್ರಿಕನ್ ಜಾತಿಯದು ರಾತ್ರೋರಾತ್ರಿ ಮೆಟ್ಟಿಲು ಹತ್ತಿ ಅಂಟು ಗೆರೆ ಎಳೆದು ಹೋಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಮನುಷ್ಯರಿಗೂ ತಗಲುವ ಹುಳ ಇರಬಹುದು. ಮಕ್ಕಳಿಗೂ ಹೇಳಿ.

ನಮ್ಮ ಹೊಸ ಮ್ಯಾಟನ್ನು ಬೀದಿ ನಾಯಿಯೊಂದು ತನ್ನದು ಮಾಡಿಕೊಂಡಿದೆ. ಅದಕ್ಕೆ ಹಳೇ ಗೋಣಿಚೀಲ ಬೇರೆ ಹಾಕಿದೆವು. ನೋಡಿತು, ಮೂಸಿತು, ವಾಪಸ್ ಮ್ಯಾಟ್ ಮೇಲೇ ಮಲಗಿತು.

ಹೊರಮಾವು ಮನೆಯವಳು

ಇನ್ನೊಂದು ಕೇಳಬೇಕು. ಗೌರಿ-ಗಣೇಶ ಹತ್ತಿರ ಬಂತು. ಬಾಗಿನ ಕೊಡಲು, ಗಣೇಶನನ್ನು ನೋಡಲು ದಿನವಿಡೀ ಜನ. ಬಂದವರಿಗೆ "ಕಾಲು ಕೆರೆದು ಬನ್ನಿ" ಅನ್ನಲು ಆಗುತ್ತದಾ? ರಂಗೋಲಿ ಎಲ್ಲಿ ಹಾಕಲಿ?

ಗಿರಿನಗರ ಅಜ್ಜಿ

ಹೇಳಬೇಕಾಗಿಲ್ಲ. ಗೇಟ್ ಹತ್ತಿರ ಒಂದು ಬಕೆಟ್ ನೀರು, ಚೊಂಬು, ಪಕ್ಕದಲ್ಲಿ ಒಗೆದ ಟವೆಲ್ ಇಡು. ನೋಡಿದವರು ತಾವೇ ತೊಳೆದುಕೊಳ್ಳುತ್ತಾರೆ. ಹಬ್ಬದ ದಿನ ಕಾಲಿಗೆ ನೀರು ಕೊಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮರ್ಯಾದೆ ಅಂದುಕೊಳ್ಳುತ್ತಾರೆ.

ರಂಗೋಲಿ ಗೇಟ್ ಮುಂದೆ ಹಠ ಹಿಡಿಯಬೇಡ. ಮೆಟ್ಟಿಲ ಪಕ್ಕ ಎರಚಲು ಬೀಳದ ಕಡೆ ಹಾಕು. ಕೆಮ್ಮಣ್ಣು ಕಲಸಿ ಅಂಚು ಬಳಿದು ಮೇಲೆ ಎಳೆ ಎಳೆದರೆ ಎದ್ದು ಕಾಣುತ್ತದೆ. ಕೆಮ್ಮಣ್ಣಿಗೆ ಅಂಗಡಿಗೆ ಹೋಗುವ ಅಗತ್ಯವೂ ನಿನಗಿಲ್ಲ ಬಿಡು.

ತಿಪಟೂರು ಕಡೆಯವ

😂😂 ಅಜ್ಜಿಗೆ ನೂರಕ್ಕೆ ನೂರು.

ಬಡಗಿ ಮಗ

ತಡವಾಗಿ ನೋಡಿದೆ. ಒಂದೇ ಮಾತು. ಒದ್ದೆ ಮ್ಯಾಟನ್ನು ಹೊಸ್ತಿಲಿಗೆ, ಬಾಗಿಲವಾಡಕ್ಕೆ ತಾಗಿಸಿ ಬಿಡಬೇಡಿ. ಮರದ ಬುಡ ಯಾವಾಗಲೂ ತೇವ ಇದ್ದರೆ ಗೆದ್ದಲು ಬರುತ್ತದೆ. ಮೇಲಿನಿಂದ ಬಣ್ಣ ಹಾಗೇ ಇರುತ್ತದೆ, ಒಳಗೆ ಪೊಳ್ಳು. ಸ್ಕ್ರೂಡ್ರೈವರ್ ಹಿಡಿಯಲ್ಲಿ ಬುಡಕ್ಕೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ತಡ ಮಾಡಬೇಡಿ. ಮ್ಯಾಟ್ ಮತ್ತು ಮರದ ನಡುವೆ ನಾಲ್ಕು ಬೆರಳು ಬಿಡಿ. ಮೆಟ್ಟಿಲು ತೊಳೆದ ನೀರನ್ನು ವೈಪರ್‌ನಲ್ಲಿ ಹೊರಗೆ ಎಳೆಯಿರಿ, ಒಳಗೆ ಅಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬಿಗಿಯಾದರೆ ಕೂಡಲೇ ಉಳಿ ಹಿಡಿದು ಕೆತ್ತಿಸಬೇಡಿ. ಬೇಸಿಗೆಯಲ್ಲಿ ಮತ್ತೆ ಕುಗ್ಗಿ ಸಂದು ಬಿಡುತ್ತದೆ.

ಹೊರಮಾವು ಮನೆಯವಳು

ತಟ್ಟಿ ನೋಡಿದೆ, ಗಟ್ಟಿ ಇದೆ. ಯಜಮಾನರು ಜಲ್ಲಿಗೆ ಒಪ್ಪಿದರು. ಕಾರು ನಿಲ್ಲುವ ಕಡೆ ಬಿಟ್ಟು, ಗೇಟಿನಿಂದ ಮೆಟ್ಟಿಲವರೆಗೆ ಮೂರಡಿ ಅಗಲಕ್ಕೆ ಮಾತ್ರ. ಆದರೆ ಅಂಗಡಿಯಲ್ಲಿ ಕೇಳಿದರೆ "ಲೋಡ್ ಲೆಕ್ಕದಲ್ಲಿ ಮಾತ್ರ ಕೊಡುತ್ತೇವೆ" ಅನ್ನುತ್ತಾರೆ. ಅಷ್ಟು ಏನು ಮಾಡಲಿ?

ಸೈಟ್ ಇಂಜಿನಿಯರ್

ಲೋಡ್ ಬೇಡ. ಹನ್ನೆರಡು ಅಡಿ ಉದ್ದ, ಮೂರಡಿ ಅಗಲ, ನಾಲ್ಕು ಇಂಚು ದಪ್ಪ ಅಂದರೆ 12 ಘನ ಅಡಿ ಅಷ್ಟೆ. ಅಷ್ಟು ಕಡಿಮೆಗೆ ಎರಡು ಸೈಜ್ ತರುವ ಗೋಜು ಬೇಡ, ಪೂರ್ತಿ 20 ಎಂಎಂ ಹಾಕಿ. ನಿಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವ ಕಡೆ ಮೇಸ್ತ್ರಿಯನ್ನು ಕೇಳಿ, ಚೀಲದ ಲೆಕ್ಕದಲ್ಲಿ ಕೊಡುತ್ತಾರೆ. ಸಿಮೆಂಟ್ ಚೀಲದಲ್ಲಿ ಸುಮಾರು ಒಂದು ಘನ ಅಡಿ ಹಿಡಿಯುತ್ತದೆ, ಪೂರ್ತಿ ತುಂಬಿಸಬೇಡಿ, ಎತ್ತಲು ಆಗುವುದಿಲ್ಲ. ಮನೆ ಮಾಲೀಕರಿಗೂ ಒಂದು ಮಾತು ಹೇಳಿ ತನ್ನಿ, ಜಲ್ಲಿ ಅವರ ದುಡ್ಡಿನದು. ಎರಡೂ ಬದಿಗೆ ಇಟ್ಟಿಗೆಯನ್ನು ಅಂಚಾಗಿ ನಿಲ್ಲಿಸಿ ಕೂರಿಸಿ, ಇಲ್ಲದಿದ್ದರೆ ಹರಡಿಕೊಂಡು ಕಾರಿನ ಟೈರಿಗೆ ಸಿಗುತ್ತದೆ.

ಬೇಗೂರು ಬೈಕರ್

ಮೇಸ್ತ್ರಿ ಹತ್ತಿರ ಬೆಳಿಗ್ಗೆ ಎಂಟರೊಳಗೆ ಹೋಗಿ ಮೇಡಂ. ಕಾಂಕ್ರೀಟ್ ಶುರುವಾದ ಮೇಲೆ ಅವರು ಯಾರ ಮಾತೂ ಕೇಳುವುದಿಲ್ಲ.